ಪಂಪು ಇಂಜಿನುಗಳ ಹೊಗೆಯಿಂದೊದಗುವ ಅಪಾಯವೂ ಅದರ ನಿವಾರಣೆಯೂ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಜಮೀನುದಾರರಿಗೂ ಗ್ರಾಮದ ಮುಖ್ಯಸ್ಥರಿಗೂ ತಿಳಿವಳಿಕೆ

ಅಡಿಕೆ ತೋಟವನ್ನಿಟ್ಟುಕೊಂಡವರಿಗೆ ನೀರಿನ ಚಿಂತೆಯು ವರ್ಷದಲ್ಲಿ ಆರು ತಿಂಗಳು ತಪ್ಪಿದ್ದಲ್ಲ. ಮಳೆಗಾಲದಲ್ಲಿ ಎಡೆಬಿಡದೆ ಮಳೆ ಸುರಿದರೂ ಮುರಕಲ್ಲಿನ ಗುಡ್ಡಗಳಲ್ಲಿ ಇಂಗಿದ ನೀರು ಬಹು ಬೇಗನೆ ತೋಡುಗಳನ್ನೂ ಹೊಳೆಗಳನ್ನೂ ಸೇರಿ ಹರಿದುಹೋಗುವುದರಿಂದ, ಪಗ್ಗು ಬೇಶ ತಿಂಗಳುಗಳು ಬರುವಷ್ಟರಲ್ಲಿ ಬಾವಿಯ ನೀರು ದಿನದಿನಕ್ಕೆ ಕೆಳಗಿಳಿಯುತ್ತದೆ. ಹಿಂದೆ ಏತದಿಂದ ನೀರೆತ್ತುತ್ತಿದ್ದ ಕಡೆಗಳಲ್ಲಿ ಈಗ ವಿದ್ಯುತ್ತಿನ ಪಂಪುಗಳಿವೆ. ವಿದ್ಯುತ್ತು ಇಲ್ಲದ ವೇಳೆಗೆಂದು ಪೆಟ್ರೋಲು, ಡೀಸಲು ಅಥವಾ ನಮ್ಮ ಕಡೆಯಲ್ಲಿ ಚಿಮಿಣಿ ಎಣ್ಣೆಯೆಂದು ಕರೆಯುವ ಸೀಮೆಎಣ್ಣೆಯಿಂದ ನಡೆಯುವ ಸಣ್ಣ ಪಂಪುಸೆಟ್ಟುಗಳನ್ನು ಅನೇಕರು ಇಟ್ಟುಕೊಂಡಿದ್ದಾರೆ. ಕೊಳೆರೋಗದ ಮದ್ದು ಹೊಡೆಯುವುದಕ್ಕೂ, ಹುಲ್ಲು ಕೊಯ್ಯುವುದಕ್ಕೂ, ಮರ ಕಡಿಯುವುದಕ್ಕೂ, ಮನೆಗೆ ಬೆಳಕು ಕೊಡುವುದಕ್ಕೂ ಇಂಥ ಇಂಜಿನುಗಳೇ ಬಂದಿವೆ. ಇವುಗಳಿಂದಾಗಿರುವ ಉಪಕಾರವು ದೊಡ್ಡದು. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಬೋರ್ಡೋ ದ್ರಾವಣದ ಪ್ರಯೋಜನವನ್ನು ಅಡಿಕೆ ಬೆಳೆಗಾರರಿಗೆ ತೋರಿಸಿಕೊಟ್ಟಾಗ ಕೈಪಂಪಿನ ಹೊರತು ಬೇರೆ ಸಾಧನವಿರಲಿಲ್ಲವೆಂಬುದನ್ನು ನೆನೆದರೆ ಇಂದಿನ ಸೌಕರ್ಯವು ತಿಳಿಯುತ್ತದೆ.

ಆದರೆ ಈ ಇಂಜಿನುಗಳ ವಿಷಯದಲ್ಲಿ ಬಹು ಜನರು ಅರಿಯದ ಒಂದು ಸಂಗತಿಯುಂಟು. ಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ಗಾಳಿಯನ್ನು ಪರೀಕ್ಷಿಸುವ ಕ್ರಮವು ಹಿರಿಯರಿಂದ ಬಂದದ್ದು, ಒಳ್ಳೆಯದೂ ಹೌದು. ಆದರೆ ಇಂಜಿನಿನ ಹೊಗೆಯಲ್ಲಿರುವ ವಿಷವಾಯುವನ್ನು ಈ ದೀಪವು ತೋರಿಸಲಾರದು. ದೀಪವು ಚೆನ್ನಾಗಿ ಉರಿಯುತ್ತಿರುವ ಬಾವಿಯಲ್ಲಿಯೇ ಮನುಷ್ಯನು ಸಾಯಬಹುದು. ಈ ಪತ್ರಿಕೆಯನ್ನು ಬರೆದದ್ದು ಮುಖ್ಯವಾಗಿ ಇದನ್ನು ತಿಳಿಸುವುದಕ್ಕಾಗಿಯೇ.

ವಿಷವಾಯುವಿನ ಸ್ವಭಾವ

ಕಟ್ಟಿಗೆ, ಇದ್ದಿಲು, ಪೆಟ್ರೋಲು, ಅಡಿಗೆಯ ಗ್ಯಾಸು ಮುಂತಾದ ಯಾವ ಉರುವಲಾದರೂ ಸಾಕಷ್ಟು ಗಾಳಿ ದೊರೆತು ಪೂರ್ಣವಾಗಿ ಉರಿದರೆ ಅದರಲ್ಲಿನ ಇಂಗಾಲವು ಇಂಗಾಲದ ಡೈಆಕ್ಸೈಡಾಗಿ ಹೊರಬೀಳುತ್ತದೆ. ಗಾಳಿ ಸಾಲದೆ ಅರೆಬರೆಯಾಗಿ ಉರಿದರೆ ಹುಟ್ಟುವುದು ಇಂಗಾಲದ ಮಾನಾಕ್ಸೈಡು ಎಂಬ ಬೇರೆ ವಾಯು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಇಂಜಿನಿನ ಹೊಗೆಗೆ ಇರುವ ನಾತವು ಅರೆಬೆಂದ ಎಣ್ಣೆಯದೇ ಹೊರತು ಈ ವಾಯುವಿನದಲ್ಲ. ಆದಕಾರಣ ನಾತವು ಕಡಿಮೆಯಾದ ಮಾತ್ರಕ್ಕೆ ವಿಷವು ಹೋಯಿತೆಂದು ತಿಳಿಯತಕ್ಕದ್ದಲ್ಲ.

ಬಾವಿಯ ತಳದಲ್ಲಿ ಸಹಜವಾಗಿ ನಿಲ್ಲುವ ಕೆಟ್ಟ ಗಾಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನಗಾಣಬೇಕು. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಒಂದೂವರೆ ಪಾಲು ಭಾರ. ಅದು ತಳದಲ್ಲಿ ಕೊಳದ ನೀರಿನಂತೆ ನಿಲ್ಲುತ್ತದೆ. ಮಾನಾಕ್ಸೈಡಿನ ತೂಕವು ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ತಳವನ್ನು ಸೇರುವುದೂ ಇಲ್ಲ, ತಾನಾಗಿ ಮೇಲಕ್ಕೆ ಹಾರಿಹೋಗುವುದೂ ಇಲ್ಲ. ಇದ್ದ ಗಾಳಿಯಲ್ಲಿ ಬೆರೆತು ಬಾವಿಯ ಉದ್ದಗಲಕ್ಕೂ ಹರಡುತ್ತದೆ.

ನಮ್ಮ ರಕ್ತದಲ್ಲಿ ಹಿಮೊಗ್ಲೋಬಿನ್ ಎಂಬ ಕೆಂಪು ದ್ರವ್ಯವಿರುವುದಷ್ಟೆ. ಉಸಿರಿನಲ್ಲಿ ಬಂದ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುವುದು ಅದರ ಕೆಲಸ. ಈ ವಿಷವಾಯುವು ಆ ದ್ರವ್ಯವನ್ನು ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಆದುದರಿಂದ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರವೇ ಇದ್ದರೂ, ಕೆಲವು ಗಂಟೆಗಳಲ್ಲಿ ರಕ್ತದ ಅರ್ಧಕ್ಕೂ ಹೆಚ್ಚು ಭಾಗವು ಅದರ ಪಾಲಾಗಿ, ಎದೆ ತುಂಬ ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕವು ದೊರೆಯದೆ ಹೋಗುತ್ತದೆ.

ಮೊದಲು ತಲೆನೋವು ಬರುತ್ತದೆ, ತಲೆ ತಿರುಗುತ್ತದೆ, ವಾಕರಿಕೆಯಾಗುತ್ತದೆ. ಬಿಸಿಲಿನ ದಿನಗಳಲ್ಲಿ ಇದನ್ನು ಪಿತ್ತವೆಂದೋ, ಬಿಸಿಲಿನ ಝಳವೆಂದೋ, ಬೆಳಗ್ಗೆ ಹೊಟ್ಟೆಗೆ ಸರಿಯಾಗಿ ತಿನ್ನದಿದ್ದುದರಿಂದಾದ ಸುಸ್ತೆಂದೋ ಕೆಲಸದವರು ತಿಳಿಯುತ್ತಾರೆ. ಇನ್ನೂ ಕೆಟ್ಟದ್ದೇನೆಂದರೆ, ಬುದ್ಧಿಯು ಎಚ್ಚರವಾಗಿರುವಂತೆ ತೋರುತ್ತಿರುವಾಗಲೇ ಕೈಕಾಲುಗಳ ಬಲವು ಹೋಗುತ್ತದೆ. ಬಯಲಿನಲ್ಲಿರುವವನು ಕುಸಿದು ಕುಳಿತರೆ ಯಾರಾದರೂ ಕಂಡಾರು. ಬಾವಿಯೊಳಗಿರುವವನು ಮೇಲಕ್ಕೆ ಬರಬೇಕೆಂದು ಏಣಿಗೆ ಕೈಹಾಕುವ ಹೊತ್ತಿಗೆ ಏಣಿಯನ್ನು ಹತ್ತುವ ಶಕ್ತಿಯು ಅವನಲ್ಲಿ ಉಳಿದಿರುವುದಿಲ್ಲ.

ಇಂಜಿನು ಬಾವಿಗೆ ಇಳಿಯುವ ಬಗೆ

ಯಾವ ಯಜಮಾನನೂ ಮೊದಲ ದಿನವೇ ಇಂಜಿನನ್ನು ಬಾವಿಯೊಳಗೆ ಇಳಿಸುವುದಿಲ್ಲ. ಬಾವಿಯ ದಂಡೆಯಲ್ಲಿಟ್ಟ ಪಂಪು ತನ್ನ ಮಟ್ಟದಿಂದ ಸುಮಾರು 20ರಿಂದ 23 ಅಡಿ ಆಳದ ನೀರನ್ನು ಮಾತ್ರ ಹೀರಬಲ್ಲದು. ಇದು ಪಂಪಿನ ದೋಷವಲ್ಲ. ಪಂಪು ನೀರನ್ನು ಎಳೆಯುತ್ತದೆಯೆಂದು ನಾವು ಹೇಳುವುದು ವಾಡಿಕೆಯ ಮಾತು. ನಿಜವಾಗಿ ನೀರನ್ನು ಕೊಳವೆಯೊಳಕ್ಕೆ ತಳ್ಳುವುದು ಹೊರಗಣ ಗಾಳಿಯ ಒತ್ತಡ. ಆ ಒತ್ತಡವು ಎತ್ತಬಲ್ಲದ್ದು ಲೆಕ್ಕಕ್ಕೆ 34 ಅಡಿ. ಕೊಳವೆಯ ತಿಕ್ಕಾಟ, ಕೀಲುಗಳ ಸೋರಿಕೆ ಇವೆಲ್ಲ ಕಳೆದು ಕೈಗೆ ಬರುವುದು ಮೇಲೆ ಹೇಳಿದಷ್ಟು. ನೀರು ಅದಕ್ಕಿಂತ ಕೆಳಗಿಳಿದ ಕೂಡಲೇ ಪಂಪು ಬರಿದೇ ತಿರುಗುತ್ತದೆ. ಎಷ್ಟು ಕುದುರೆಬಲದ ಇಂಜಿನನ್ನು ತಂದರೂ ಫಲವಿಲ್ಲ.

ಆಗ ತೋಟವು ಒಣಗುತ್ತಿರುವುದನ್ನು ನೋಡಲಾರದ ಯಜಮಾನನು, ಬಾವಿಯ ಗೋಡೆಯಲ್ಲಿ ಮುರಕಲ್ಲನ್ನು ಕಡಿದು ಮಾಡಿದ ಕಟ್ಟೆಯ ಮೇಲೆ ಪಂಪುಸೆಟ್ಟನ್ನು ಹಗ್ಗ ಕಟ್ಟಿ ಇಳಿಸುತ್ತಾನೆ. ಸಣ್ಣ ಪೆಟ್ರೋಲು ಪಂಪನ್ನು ಇಬ್ಬರು ಆಳುಗಳು ಸುಲಭವಾಗಿ ಎತ್ತಬಲ್ಲರಾದ್ದರಿಂದ ಇದು ಕಷ್ಟದ ಕೆಲಸವೂ ಅಲ್ಲ. ವಿದ್ಯುತ್ತಿನ ಪಂಪನ್ನು ಹೀಗೆಯೇ ಕಟ್ಟೆಯ ಮೇಲಿಡುವ ರೂಢಿಯಿರುವುದರಿಂದ ಇಂಜಿನನ್ನು ಇಟ್ಟರೇನೆಂದು ತೋರುತ್ತದೆ. ಬಾವಿಯ ಕೆಸರು ತೆಗೆಯುವಾಗಲೂ ಇದೇ ಕಥೆ: ತಳದಲ್ಲಿ ಉಳಿದ ನೀರನ್ನು ಹೊರಹಾಕಲು ಇಂಜಿನನ್ನು ಇಳಿಸಿ ಅರ್ಧ ಗಂಟೆ ನಡೆಸುತ್ತಾರೆ, ನೀರು ಮುಗಿದೊಡನೆ ಇಂಜಿನನ್ನು ನಿಲ್ಲಿಸಿ ಕೆಲಸದವರು ಗುದ್ದಲಿ ಬುಟ್ಟಿಗಳೊಡನೆ ಇಳಿಯುತ್ತಾರೆ. ಇಂಜಿನು ನಿಂತಿತು, ಇನ್ನೇನು ಭಯ ಎಂದು ತಿಳಿಯುತ್ತಾರೆ. ಆದರೆ ಅದು ಬಿಟ್ಟ ಹೊಗೆಯು ಎಲ್ಲಿಗೂ ಹೋಗಿರುವುದಿಲ್ಲ.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಬಾವಿಯ ಅಗಲ 10 ಅಡಿ, ನೀರಿನವರೆಗಿನ ಆಳ 33 ಅಡಿ ಎಂದಿಟ್ಟುಕೊಳ್ಳಿರಿ. ಅದರಲ್ಲಿರುವ ಗಾಳಿ ಸುಮಾರು 2,600 ಘನ ಅಡಿ, ಅಂದರೆ 73,000 ಲೀಟರು. 160 ಸಿ.ಸಿ.ಯ ಸಣ್ಣ ಪೆಟ್ರೋಲು ಇಂಜಿನು ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಸುಮಾರು 230 ಲೀಟರು ಗಾಳಿಯನ್ನು ಒಳಕ್ಕೆ ತೆಗೆದುಕೊಂಡು ಹೊಗೆಯಾಗಿ ಹೊರಕ್ಕೆ ಬಿಡುತ್ತದೆ. ಇಂಥ ಇಂಜಿನುಗಳ ಹೊಗೆಯಲ್ಲಿ ನೂರಕ್ಕೆ ಕೆಲವು ಪಾಲು ಈ ವಿಷವಾಯುವಿರುತ್ತದೆ. ನಾಲ್ಕೆಂದು ಹಿಡಿದರೆ ನಿಮಿಷಕ್ಕೆ 9 ಲೀಟರಾಯಿತು. ಬಾವಿಯ ಗಾಳಿಯು ಹೊರಗೆ ಹೋಗದೆ ನಿಂತರೆ 13 ನಿಮಿಷಗಳಲ್ಲಿ ಅಲ್ಲಿ ಹತ್ತು ಸಾವಿರಕ್ಕೆ 16 ಪಾಲು ವಿಷವು ತುಂಬುತ್ತದೆ. ಆ ಪ್ರಮಾಣದ ಗಾಳಿಯಲ್ಲಿ ಇಪ್ಪತ್ತು ನಿಮಿಷದೊಳಗೆ ತಲೆನೋವು ವಾಕರಿಕೆಗಳೂ, ಒಂದೆರಡು ಗಂಟೆಯೊಳಗೆ ಮರಣವೂ ಆಗುತ್ತವೆಂದು ವೈದ್ಯಶಾಸ್ತ್ರದಲ್ಲಿ ಹೇಳಿದೆ. ಅದರ ಎರಡರಷ್ಟಾದರೆ ಅರ್ಧ ಗಂಟೆ ಸಾಕು. ಗುದ್ದಲಿ ಹಿಡಿದು ದುಡಿಯುತ್ತ ಏದುಸಿರು ಬಿಡುವವನಿಗೆ ಇಷ್ಟು ಕಾಲವೂ ಬೇಕಾಗುವುದಿಲ್ಲ.

ಗಾಳಿಯು ಹೊರಗೆ ಹೋಗದೆ ನಿಲ್ಲುವುದುಂಟೇ ಎಂದು ಕೇಳಬಹುದು. ಬೇಸಿಗೆಯ ಹಗಲಿನಲ್ಲಿ ಉಂಟು. ಹೊರಗೆ ಗಾಳಿಯು ಕಾದು ಹಗುರಾಗಿರುತ್ತದೆ. ಬಾವಿಯೊಳಗಣ ಗಾಳಿಯು ತಂಪಾಗಿ ಭಾರವಾಗಿರುತ್ತದೆ. ಭಾರವಾದದ್ದು ಕೆಳಗೇ ಇರುವುದರಿಂದ ಮೇಲಿನ ಗಾಳಿಯು ಇಳಿಯುವುದಿಲ್ಲ, ಕೆಳಗಿನದು ಏಳುವುದಿಲ್ಲ. ಬಾವಿಯ ಕೆಲಸವನ್ನು ನಾವು ಮಾಡಿಸುವುದು ಇದೇ ಕಾಲದಲ್ಲಿ.

ಹತ್ತು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇವೆ, ಏನೂ ಆಗಲಿಲ್ಲವೆಂಬ ಮಾತು ಕೇಳಿಬರುವುದುಂಟು. ಆಗದಿದ್ದುದಕ್ಕೆ ಕಾರಣಗಳಿರಬಹುದು: ನೀರು ಮೇಲಿದ್ದಿತು, ಗಾಳಿ ಬೀಸುತ್ತಿತ್ತು, ಬಾವಿಯು ಅಗಲವಾಗಿದ್ದಿತು, ಇಂಜಿನು ಹೊಸದಾಗಿದ್ದಿತು. ನೀರು ಇನ್ನೂ ನಾಲ್ಕು ಅಡಿ ಇಳಿದ ವರ್ಷ, ಗಾಳಿಯಾಡದ ಒಂದು ಮಧ್ಯಾಹ್ನ, ಹಳೆಯ ಇಂಜಿನು, ಇವು ಕೂಡಿಬಂದಾಗ ಹತ್ತು ವರ್ಷದ ಅನುಭವವು ಉಪಯೋಗಕ್ಕೆ ಬಾರದು. ಅಲ್ಲದೆ, ಬಾವಿಗೆ ಇಳಿಯುವವನು ಸಾಮಾನ್ಯವಾಗಿ ಈ ಮಾತನ್ನು ಆಡಿದ ಯಜಮಾನನಲ್ಲ, ಅವನ ಕೂಲಿಯಾಳು ಎಂಬುದನ್ನೂ ಇಲ್ಲಿ ಹೇಳದೆ ಬಿಡಲಾಗುವುದಿಲ್ಲ.

ದೀಪದ ಪರೀಕ್ಷೆ

ದೀಪವು ಗಾಳಿಯಲ್ಲಿನ ಆಮ್ಲಜನಕವನ್ನು ಪರೀಕ್ಷಿಸುತ್ತದೆ. ಒಳ್ಳೆಯ ಗಾಳಿಯಲ್ಲಿ ಅದು ನೂರಕ್ಕೆ 21 ಪಾಲಿನಷ್ಟಿದ್ದು, 16 ಅಥವಾ 17ಕ್ಕೆ ಇಳಿದಾಗ ಮೇಣದ ಬತ್ತಿಯ ಉರಿಯು ಆರಿಹೋಗುತ್ತದೆ. ಆ ಗಾಳಿಯಲ್ಲಿ ಮನುಷ್ಯನಿಗೆ ಇನ್ನೂ ಎಚ್ಚರವಿರುತ್ತದೆ. ದೀಪವು ಮನುಷ್ಯನಿಗಿಂತ ಮುಂಚೆ ಸೋಲುವುದರಿಂದಲೇ ಅದು ನಂಬತಕ್ಕ ಕಾವಲುಗಾರನಾಗಿತ್ತು. ನಮ್ಮ ತಾಲೂಕುಗಳಲ್ಲಿಯೂ ಪಕ್ಕದ ಕಾಸರಗೋಡು ಸೀಮೆಯಲ್ಲಿಯೂ ಗುಡ್ಡದ ಮಗ್ಗುಲಿಗೆ ನೀರಿನ ಸುರಂಗಗಳನ್ನು ಕೊರೆಯುವ ಕೆಲಸಗಾರರು ಮೇಣದ ಬತ್ತಿಯನ್ನು ಹತ್ತಿರವಿಟ್ಟುಕೊಂಡು, ಅದು ಮಂಕಾದೊಡನೆ ಹೊರಕ್ಕೆ ಬರುತ್ತಿದ್ದುದು ಈ ಕಾರಣದಿಂದಲೇ.

ಮೇಲೆ ಹೇಳಿದ ಬಾವಿಯಲ್ಲಿ ದೀಪದ ಗತಿಯೇನೆಂದು ನೋಡೋಣ. ಅಲ್ಲಿ ವಿಷವು ಹತ್ತು ಸಾವಿರಕ್ಕೆ 16 ಪಾಲಾಗುವ ಹೊತ್ತಿಗೆ ಬಾವಿಯ ಗಾಳಿಯಲ್ಲಿ ನೂರಕ್ಕೆ 4 ಪಾಲು ಮಾತ್ರ ಹೊಗೆಯು ಸೇರಿರುತ್ತದೆ. ಆಮ್ಲಜನಕವು 21ರಿಂದ 20ಕ್ಕೆ ಇಳಿದಿರಬಹುದು, ಅಷ್ಟೆ. ದೀಪವು ಎಂದಿನಂತೆ ಉರಿಯುತ್ತದೆ. ಮೇಲಿನಿಂದ ನೋಡುತ್ತಿರುವ ಹಿರಿಯರು ಗಾಳಿ ಚೆನ್ನಾಗಿದೆ, ಇಳಿಯಿರಿ ಎಂದು ಹೇಳುತ್ತಾರೆ.

ಈ ತಪ್ಪನ್ನು ನಮಗಿಂತ ಮುಂಚೆ ಗಣಿಯವರು ಮಾಡಿ ಕಲಿತರು. ವೇಲ್ಸ್ ದೇಶದ ಟೈಲರ್ಸ್‌ಟೌನ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ 1896ನೆಯ ಇಸವಿ ಜನವರಿ 27ರಂದು ಸ್ಫೋಟವಾಗಿ 57 ಮಂದಿ ಮಡಿದರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿದ್ವಾಂಸರು ಸತ್ತವರನ್ನು ಪರೀಕ್ಷಿಸಿ, ಹೆಚ್ಚಿನವರ ಪ್ರಾಣವನ್ನು ತೆಗೆದದ್ದು ಸ್ಫೋಟದ ಹೊಡೆತವಲ್ಲ, ಅನಂತರ ಗಣಿಯಲ್ಲಿ ತುಂಬಿದ ಈ ವಾಯುವೆಂದು ಅದೇ ವರ್ಷ ವರದಿ ಮಾಡಿದರು. ದೀಪವು ಇದನ್ನು ತೋರಿಸದಾದ್ದರಿಂದ, ಮನುಷ್ಯನಿಗಿಂತ ಬೇಗನೆ ವಿಷಕ್ಕೆ ಈಡಾಗುವ ಇಲಿ ಅಥವಾ ಸಣ್ಣ ಹಕ್ಕಿಗಳನ್ನು ಗಣಿಗೆ ಒಯ್ಯಬೇಕೆಂಬ ಸಲಹೆಯೂ ಅವರದೇ. ಬ್ರಿಟನ್ನಿನ ಗಣಿಗಳಲ್ಲಿ ಈ ಕೆಲಸಕ್ಕೆ ಕ್ಯಾನರಿ ಹಕ್ಕಿಗಳು 1986ರ ವರೆಗೂ ಇದ್ದವು. ಆಮೇಲೆ ಅವುಗಳ ಸ್ಥಾನಕ್ಕೆ ಯಂತ್ರಗಳು ಬಂದವು. ಬಾವಿಗೆ ಹಕ್ಕಿಯನ್ನು ಇಳಿಸಿರೆಂದು ಹೇಳುವುದಕ್ಕಾಗಿ ಇದನ್ನು ಬರೆಯಲಿಲ್ಲ. ದಿನವೂ ದೀಪವನ್ನು ಹಿಡಿದು ಓಡಾಡುತ್ತಿದ್ದ ಗಣಿಯವರೇ ಈ ವಿಷದ ಮಟ್ಟಿಗೆ ದೀಪವನ್ನು ನಂಬಲಿಲ್ಲವೆಂಬುದು ತಿಳಿದರೆ ಸಾಕು.

ಇನ್ನೊಂದು ಮಾತು. ಪೆಟ್ರೋಲು ಚೆಲ್ಲಿದ ಬಾವಿಗೆ ದೀಪವನ್ನು ಇಳಿಸುವುದು ನಿಷ್ಪ್ರಯೋಜಕವಷ್ಟೇ ಅಲ್ಲ, ಅಪಾಯಕರವೂ ಹೌದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿರುತ್ತದೆ. ದೀಪವು ಅದನ್ನು ಮುಟ್ಟಿದೊಡನೆ ಬೆಂಕಿಯೇಳುತ್ತದೆ.

ಇಂಜಿನು ಇಳಿಯದ ಹಳೆಯ ಬಾವಿಗಳಿಗೆ ದೀಪದ ಪರೀಕ್ಷೆಯನ್ನು ಬಿಡಬೇಕಾಗಿಲ್ಲ. ಬಹುಕಾಲ ಮುಚ್ಚಿದ್ದ ಬಾವಿ, ಎಲೆ ಕೊಳೆತ ಬಾವಿ, ರಿಂಗು ಇಳಿಸಿದ ಇಕ್ಕಟ್ಟಾದ ಬಾವಿ ಇವುಗಳಲ್ಲಿ ಆಮ್ಲಜನಕದ ಅಭಾವವೇ ಮುಖ್ಯ ಶತ್ರು. 2024ನೆಯ ಏಪ್ರಿಲ್ ತಿಂಗಳಿನಲ್ಲಿ ವಿಟ್ಲದ ಸಮೀಪದ ಕೇಪು ಗ್ರಾಮದಲ್ಲಿ ರಿಂಗು ಹಾಕಿದ ಬಾವಿಯ ಕೆಲಸಕ್ಕೆ ಹೋದ ಇಬ್ಬರು ಉಸಿರುಗಟ್ಟಿ ತೀರಿಕೊಂಡದ್ದನ್ನು ಈ ಭಾಗದವರು ಮರೆತಿರಲಾರರು. ಅಂಥಲ್ಲಿ ದೀಪವೂ ಬೇಕು, ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಹಲವು ಸಲ ಇಳಿಸಿ ಎತ್ತಿ ಗಾಳಿಯನ್ನು ಕದಡುವ ಹಿಂದಿನ ಕ್ರಮವೂ ಒಳ್ಳೆಯದು, ವಿದ್ಯುತ್ತಿನ ಬೀಸಣಿಗೆಯಿಂದ ಕೊಳವೆಯ ಮೂಲಕ ತಳಕ್ಕೆ ಗಾಳಿಯೂದುವುದು ಎಲ್ಲಕ್ಕಿಂತ ಉತ್ತಮ.

ಇಂಜಿನನ್ನು ಇಡತಕ್ಕ ಸ್ಥಳ

ಉರುವಲಿನಿಂದ ನಡೆಯುವ ಯಾವ ಇಂಜಿನನ್ನೂ ಬಾವಿಯೊಳಗೆ, ಸುರಂಗದೊಳಗೆ, ಖಾಲಿ ಟಾಂಕಿಯೊಳಗೆ ಸರ್ವಥಾ ಇಳಿಸಕೂಡದು. ಐದು ನಿಮಿಷಕ್ಕೂ ಕೂಡದು. ಹೊಗೆಯ ಕೊಳವೆಗೆ ಇನ್ನೊಂದು ಕೊಳವೆಯನ್ನು ಜೋಡಿಸಿ ದಂಡೆಯ ಮೇಲಕ್ಕೆ ತಂದರೆ ಸಾಲದೇ ಎಂದು ಕೆಲವರು ಉಪಾಯ ಮಾಡುತ್ತಾರೆ. ಕೀಲುಗಳು ಇಂಜಿನಿನ ಅದುರಿಕೆಗೆ ಸಡಿಲವಾಗಿ ಹೊಗೆಯು ಅಲ್ಲಿಯೇ ಸೋರುತ್ತದೆ. ಇಂಜಿನಿಗೂ ಉಸಿರು ಕಟ್ಟುತ್ತದೆ. ಡೀಸಲು ಇಂಜಿನಿನ ಹೊಗೆಯಲ್ಲಿ ಈ ವಿಷವು ಪೆಟ್ರೋಲಿನದಕ್ಕಿಂತ ಬಹಳ ಕಡಿಮೆಯೆಂಬುದು ನಿಜ. ಆದಾಗ್ಯೂ ಅದು ಬಾವಿಯ ಆಮ್ಲಜನಕವನ್ನು ತಿನ್ನುತ್ತದೆ, ಬೇರೆ ವಿಷಗಳನ್ನೂ ಬಿಡುತ್ತದೆ. ಅದಕ್ಕೂ ಇದೇ ನಿಯಮ.

ಹಾಗಾದರೆ ನೀರನ್ನು ಎತ್ತುವುದು ಹೇಗೆ? ಇಂಜಿನು ದಂಡೆಯಿಂದ ದೂರದಲ್ಲಿ, ಗಾಳಿಯು ಹೊಗೆಯನ್ನು ಬಾವಿಯ ಬಾಯಿಗೆ ತರದಂಥ ಮಗ್ಗುಲಲ್ಲಿರಲಿ. ನೀರಿನ ಬಳಿಗೆ ಇಳಿಯುವುದು ವಿದ್ಯುತ್ತಿನ ಪಂಪು ಮಾತ್ರವಾಗಲಿ. ವಿದ್ಯುತ್ತು ಬಾರದ ಕಡೆಗಳಲ್ಲಿ ಮೇಲಿಟ್ಟ ಜನರೇಟರಿನಿಂದ ನೀರೊಳಗಿನ ಸಬ್‌ಮರ್ಸಿಬಲ್ ಪಂಪನ್ನು ನಡೆಸಬಹುದು. ಅಥವಾ ಮೇಲಿನಿಂದಲೇ ಹೆಚ್ಚು ಆಳದ ನೀರನ್ನೆತ್ತುವ ಜೆಟ್ ಪಂಪನ್ನು ಹಾಕಿಸಬಹುದು. ಖರ್ಚು ಹೆಚ್ಚೆಂದು ತೋರಿದರೆ, ನಾಲ್ಕಾರು ಮನೆಯವರು ಸೇರಿ ಒಂದನ್ನು ಕೊಂಡು ಸರದಿಯ ಮೇಲೆ ಉಪಯೋಗಿಸುವುದಕ್ಕೆ ಊರ ಮುಖ್ಯಸ್ಥರು ಏರ್ಪಾಡು ಮಾಡಬಹುದು. ಕುಮಾರಧಾರೆ, ಪಯಸ್ವಿನಿಗಳ ದಡದಲ್ಲಿ ಪಂಪು ಇಡುವವರಿಗೆ ಬಯಲಿನ ಗಾಳಿಯಿರುವುದರಿಂದ ಈ ತೊಂದರೆಯಿಲ್ಲ. ಆದರೆ ಇಂಜಿನಿನ ಮೇಲೆ ಮಾಡಿದ ಗುಡಿಸಲಿಗೆ ನಾಲ್ಕು ಸುತ್ತಲೂ ಮಡಲಿನ ತಟ್ಟಿ ಕಟ್ಟಿ ಆಳನ್ನು ಅದರೊಳಗೆ ಮಲಗಿಸಬಾರದು.

ಒಂದು ವೇಳೆ ಯಾರಾದರೂ ತಿಳಿಯದೆ ಇಂಜಿನನ್ನು ಬಾವಿಯೊಳಗೆ ನಡೆಸಿದ್ದರೆ, ಅದನ್ನು ತೆಗೆಯುವುದಕ್ಕೂ ಯಾರೂ ಇಳಿಯತಕ್ಕದ್ದಲ್ಲ. ಇಳಿಸಿದ ಹಗ್ಗದಿಂದಲೇ ಮೇಲಕ್ಕೆಳೆಯಬೇಕು. ಹಗ್ಗವನ್ನು ಬಿಚ್ಚಿದ್ದರೆ, ಪೆಟ್ರೋಲು ಎಲ್ಲವೂ ಉರಿದು ಇಂಜಿನು ತಾನಾಗಿ ನಿಲ್ಲಲಿ. ಅನಂತರ ಬೀಸಣಿಗೆಯಿಂದ ಬಹು ಹೊತ್ತು ಗಾಳಿಯೂದಿ, ವಿಷವಾಯುವನ್ನು ಅಳೆಯುವ ಯಂತ್ರವನ್ನು ಇಳಿಸಿ ನೋಡಿದ ಹೊರತು ಮನುಷ್ಯನು ಇಳಿಯಕೂಡದು. ಅಂಥ ಯಂತ್ರವು ಗ್ರಾಮದಲ್ಲಿಲ್ಲದಿದ್ದರೆ ಕೆಲಸವನ್ನು ನಿಲ್ಲಿಸಿರಿ. ಬೀಸಣಿಗೆಯನ್ನು ಜನರೇಟರಿನಿಂದ ನಡೆಸುವಾಗ ಅದರ ಹೊಗೆಯನ್ನೇ ಹೀರಿ ಬಾವಿಗೆ ಊದದಂತೆ ಎರಡನ್ನೂ ದೂರವಿರಿಸಬೇಕೆಂದು ಬೇರೆ ಹೇಳಬೇಕಾಗಿಲ್ಲವಾದರೂ, ಅವಸರದಲ್ಲಿ ಹೀಗಾಗುವುದುಂಟು. ಸುರಂಗದ ಬಾಯಿಯಲ್ಲಿ ಕಲ್ಲೊಡೆಯುವ ಕಂಪ್ರೆಸರನ್ನು ನಿಲ್ಲಿಸುವವರೂ ಇದನ್ನೇ ಗಮನಿಸತಕ್ಕದ್ದು.

ಮನೆಯ ಬಳಿಯಲ್ಲಿ

ಬೇಸಿಗೆಯಲ್ಲಿ ಅಪಾಯವು ಬಾವಿಯಲ್ಲಿದ್ದರೆ ಮಳೆಗಾಲದಲ್ಲಿ ಅದು ಜಗಲಿಗೆ ಬರುತ್ತದೆ. ಆಟಿ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ತು ಇಲ್ಲದಾಗ, ಮಳೆಗೆ ನೆನೆಯದಿರಲೆಂದು ಜನರೇಟರನ್ನು ಜಗಲಿಯಲ್ಲಿಯೋ ಮನೆಗೆ ತಾಗಿದ ಕೊಟ್ಟಿಗೆಯಲ್ಲಿಯೋ ಇಟ್ಟು, ಎರಚಲು ಬಾರದಂತೆ ಟಾರ್ಪಾಲು ಕಟ್ಟಿ, ಕಿಟಕಿ ಬಾಗಿಲುಗಳನ್ನು ಹಾಕಿಕೊಂಡು ಮಲಗುವುದುಂಟು. ಜನರೇಟರುಗಳ ಹೊಗೆಯಿಂದ ಅಮೆರಿಕ ದೇಶವೊಂದರಲ್ಲಿಯೇ ವರ್ಷಕ್ಕೆ ಸರಾಸರಿ 100 ಮಂದಿ ಸಾಯುತ್ತಾರೆಂದು ಅಲ್ಲಿನ ಸರಕಾರದ ಲೆಕ್ಕವಿದೆ; ಬಿರುಗಾಳಿಯಿಂದ ವಿದ್ಯುತ್ತು ಹೋದ ದಿನಗಳಲ್ಲಿ ಇಂಥ ಸಾವುಗಳು ಹೆಚ್ಚು. ಬಾಗಿಲು ಕಿಟಕಿಗಳಿಂದ 20 ಅಡಿಗೆ ಕಡಿಮೆಯಿಲ್ಲದಷ್ಟು ದೂರದಲ್ಲಿ ಇಡಬೇಕೆಂಬುದು ಅಲ್ಲಿನ ನಿಯಮ. ನಮ್ಮಲ್ಲಿ ಮಳೆಗಾಲದ ಗಾಳಿಯು ನೈಋತ್ಯದಿಂದಲೂ ಪಡುವಣದಿಂದಲೂ ಬೀಸುವುದರಿಂದ ಮನೆಯ ಮೂಡು ಅಥವಾ ಈಶಾನ್ಯ ಭಾಗದಲ್ಲಿ, ಮೇಲೆ ಮಾಡು ಮಾತ್ರವಿದ್ದು ನಾಲ್ಕು ಕಡೆಯೂ ತೆರೆದಿರುವ ಚಿಕ್ಕ ಚಪ್ಪರವನ್ನು ಇದಕ್ಕೆಂದು ಹಾಕಿಸಿ, ಹೊಗೆಯ ಬಾಯಿಯನ್ನು ಮನೆಯ ಕಡೆಗೆ ಬೆನ್ನು ಮಾಡಿ ತಿರುಗಿಸಿಡುವುದು ಒಳ್ಳೆಯದು. ಮದ್ದು ಹೊಡೆಯುವ ಇಂಜಿನನ್ನು ರಿಪೇರಿಯಾದ ಮೇಲೆ ಕೊಟ್ಟಿಗೆಯೊಳಗೇ ನಡೆಸಿ ನೋಡುವುದನ್ನೂ ಬಿಡಬೇಕು. ಬಿಸಿಯಾದ ಇಂಜಿನಿಗೆ ಎಣ್ಣೆ ಹುಯ್ಯುವುದು ಬೆಂಕಿಯನ್ನು ಕರೆದಂತೆ.

ಇಂಜಿನಿಲ್ಲದ ಮನೆಯಲ್ಲಿಯೂ ಈ ವಾಯುವು ಹುಟ್ಟಬಹುದು. ಹೊಗೆಯಾಡದೆ ಕೆಂಪಾಗಿ ಹೊಳೆಯುವ ಕೆಂಡವು ನಿರಪಾಯವೆಂದು ನಮ್ಮ ಹೆಂಗಸರು ತಿಳಿಯುತ್ತಾರೆ. ಈ ವಿಷವು ಆ ಕೆಂಡದಿಂದಲೂ ಧಾರಾಳವಾಗಿ ಹುಟ್ಟುತ್ತದೆ. ಬಾಣಂತಿಯ ಕೋಣೆಯಲ್ಲಿ ಗಾಳಿ ತಾಗಬಾರದೆಂದು ಎಲ್ಲವನ್ನೂ ಮುಚ್ಚಿ ಅಗ್ಗಿಷ್ಟಿಕೆಯನ್ನಿಡುವ ಪದ್ಧತಿಯಿರುವ ಮನೆಗಳಲ್ಲಿ, ಕೆಂಡವನ್ನು ರಾತ್ರಿ ಹೊರಗಿಡಬೇಕು, ಒಂದು ಕಿಟಕಿಯನ್ನಾದರೂ ತೆರೆದಿರಬೇಕು. 2020ನೆಯ ಜನವರಿಯಲ್ಲಿ ಕೇರಳದಿಂದ ನೇಪಾಳಕ್ಕೆ ಪ್ರವಾಸ ಹೋದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ದಾಮನ್ ಎಂಬಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಗ್ಯಾಸಿನ ಒಲೆಯುರಿಸಿ ಮಲಗಿ ಮತ್ತೆ ಏಳಲಿಲ್ಲ. ಹಂಡೆಯೊಲೆಯಿದ್ದ ನಮ್ಮ ಹಳೆಯ ಬಚ್ಚಲುಕೊಟ್ಟಿಗೆಗಳಿಗೆ ಗಾಳಿಯಾಡುವ ದಾರಿಗಳು ಬೇಕಾದಷ್ಟಿದ್ದುವು. ಹೊಸ ಮನೆಗಳ ಚಿಕ್ಕ ಸ್ನಾನದ ಕೋಣೆಗಳಲ್ಲಿ ಗ್ಯಾಸಿನ ಗೀಸರನ್ನು ಹಾಕಿಸುವವರು ಅದನ್ನು ಕೋಣೆಯ ಹೊರಗಣ ಗೋಡೆಗೆ ಹಾಕಿಸಿ ನೀರಿನ ಕೊಳವೆಯನ್ನು ಮಾತ್ರ ಒಳಕ್ಕೆ ತರಲಿ. ರಬ್ಬರು ಹಾಳೆಗಳನ್ನು ಒಣಗಿಸುವ ಹೊಗೆಗೂಡಿಗೆ ಹೋಗುವ ಮುನ್ನ ಬಾಗಿಲನ್ನು ತೆರೆದು ಸ್ವಲ್ಪ ಹೊತ್ತು ಬಿಡಬೇಕು, ಒಬ್ಬನೇ ಹೋಗಕೂಡದು.

ಅಪಘಾತವಾದಲ್ಲಿ ಮಾಡತಕ್ಕದ್ದು

ಬಾವಿಯೊಳಗಿನವನು ಮಾತನಾಡದೆ ಕುಸಿದುದನ್ನು ಕಂಡಾಗ ಮೇಲಿದ್ದವರಿಗೆ ಹೊಳೆಯುವ ಮೊದಲನೆಯ ಯೋಚನೆಯು ತಾವೇ ಇಳಿದು ಎತ್ತುವುದು. ಅಣ್ಣನಿಗಾಗಿ ತಮ್ಮನು, ತಮ್ಮನಿಗಾಗಿ ನೆರೆಯವನು ಇಳಿದು ಒಂದು ಹೆಣದ ಬದಲು ಮೂರು ನಾಲ್ಕಾಗುತ್ತವೆ. ಮಧ್ಯಪ್ರದೇಶದ ಖಂಡ್ವಾ ಜಿಲ್ಲೆಯ ಕೋಂಡಾವತ್ ಗ್ರಾಮದಲ್ಲಿ 2025ನೆಯ ಏಪ್ರಿಲ್ 3ರಂದು ಹಬ್ಬಕ್ಕೆಂದು ಬಾವಿಯನ್ನು ಶುದ್ಧಮಾಡಲು ಹೋಗಿ ಎಂಟು ಮಂದಿ ತೀರಿಕೊಂಡರು. ಒಬ್ಬನನ್ನು ಉಳಿಸಲು ಇನ್ನೊಬ್ಬನು ಇಳಿದುದರಿಂದಲೇ ಸಂಖ್ಯೆಯು ಅಷ್ಟಾಯಿತು. ಅಲ್ಲಿದ್ದುದು ಇಂಜಿನಿನ ಹೊಗೆಯಲ್ಲ, ಬಾವಿಯ ವಿಷಗಾಳಿ. ಆದರೆ ಎರಡರಲ್ಲಿಯೂ ಜನರು ಮಾಡುವ ತಪ್ಪು ಒಂದೇ. ಇಂಥ ಹೊತ್ತಿನಲ್ಲಿ ಊರಿನಲ್ಲಿ ಮಾತು ನಡೆಯುವವರು, ಗುತ್ತಿನ ಯಜಮಾನರಾಗಲಿ ಪಂಚಾಯತಿನ ಅಧ್ಯಕ್ಷರಾಗಲಿ, ಬಾವಿಯ ದಂಡೆಯಲ್ಲಿ ನಿಂತು ಬೇರೆ ಯಾರೂ ಇಳಿಯದಂತೆ ತಡೆಯಬೇಕು. ಮನೆಯವರು ಅಳುತ್ತಿರುವಾಗ ಇದು ಕಲ್ಲೆದೆಯವರ ಕೆಲಸವೆಂದು ತೋರೀತು, ಬೈಗಳೂ ಕೇಳಬೇಕಾದೀತು. ಆದರೂ ತಡೆಯಲೇಬೇಕು. ಮೂಗಿಗೆ ಕಟ್ಟಿದ ಒದ್ದೆಬಟ್ಟೆಯೂ ಕೊರೋನಾ ಕಾಲದ ಮುಸುಕೂ ಈ ವಾಯುವನ್ನು ತಡೆಯಲಾರವು.

ಈ ಕಷ್ಟವು ಬಾರದಿರಬೇಕಾದರೆ, ಬಾವಿಗೆ ಇಳಿಯುವ ಪ್ರತಿಯೊಬ್ಬನ ತೋಳಿನ ಕೆಳಗೆ ಎದೆಗೆ ಸುತ್ತಿ ಗಟ್ಟಿಯಾದ ಹಗ್ಗವನ್ನು ಕಟ್ಟಿ, ರಾಟೆಯ ಮೇಲಿಂದ ತಂದ ಅದರ ತುದಿಯನ್ನು ಮೇಲೆ ಇಬ್ಬರು ಹಿಡಿದಿರತಕ್ಕದ್ದು. ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕೂಗಬೇಕು. ಉತ್ತರ ಬಾರದಿದ್ದರೆ ಕಾರಣ ವಿಚಾರಿಸದೆ ಮೇಲಕ್ಕೆಳೆಯಬೇಕು. ಹಗ್ಗವಿಲ್ಲದೆ ಇಳಿದವನು ಬಿದ್ದಿದ್ದರೆ ಕೂಡಲೇ 112 ಅಥವಾ 101ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿ, ಅವರು ಬರುವ ತನಕ ವಿದ್ಯುತ್ತಿನ ಬೀಸಣಿಗೆಯಿಂದ ಒಳಕ್ಕೆ ಒಳ್ಳೆಯ ಗಾಳಿಯನ್ನು ಊದುತ್ತಿರಬೇಕು. ಸ್ವಂತ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡವರು ಮಾತ್ರ ಅಂಥ ಬಾವಿಗೆ ಇಳಿಯಬಲ್ಲರು.

ಮೇಲೆತ್ತಿದವನನ್ನು ಬಯಲಿನ ಗಾಳಿಯಲ್ಲಿ ಮಲಗಿಸಿ, ಉಸಿರಾಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿರಿ. ಉಸಿರಿಲ್ಲದಿದ್ದರೆ ಬಲ್ಲವರು ಎದೆಯನ್ನೊತ್ತಿ ಕೃತಕ ಉಸಿರನ್ನು ಕೊಡಲಿ. ಬಾಯಿಗೆ ನೀರು, ಮಜ್ಜಿಗೆ, ಕಾಫಿ ಹುಯ್ಯಬಾರದು. 108ರ ಆಂಬುಲೆನ್ಸನ್ನು ಕರೆಸಿ, ಇವನು ಇಂಜಿನಿನ ಹೊಗೆಯಲ್ಲಿದ್ದನೆಂದು ಬಂದವರಿಗೂ ಆಸ್ಪತ್ರೆಯ ವೈದ್ಯರಿಗೂ ಮೊದಲೇ ಬಾಯಿಬಿಟ್ಟು ಹೇಳಬೇಕು. ಯಾತಕ್ಕೆಂದರೆ, ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನಳೆಯುವ ಚಿಕ್ಕ ಯಂತ್ರವು ವಿಷ ಹಿಡಿದ ರಕ್ತವನ್ನೂ ಒಳ್ಳೆಯ ರಕ್ತವೆಂದೇ ತಿಳಿದು 98, 99 ಎಂದು ತೋರಿಸುತ್ತದೆ. ಆ ಅಂಕೆಯನ್ನು ನೋಡಿ ಮನೆಗೆ ಕರೆತಂದರೆ ಕೆಡುಕಾಗುತ್ತದೆ. ರಕ್ತದಲ್ಲಿ ಸೇರಿದ ವಿಷವು ಅರ್ಧಕ್ಕಿಳಿಯಲು ಬರೀ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು; ಶುದ್ಧವಾದ ಆಮ್ಲಜನಕವನ್ನು ಮುಸುಕಿನ ಮೂಲಕ ಕೊಟ್ಟರೆ ಒಂದು ಒಂದೂವರೆ ಗಂಟೆಯೊಳಗೆ ಅಷ್ಟಾಗುತ್ತದೆ. ಆದಕಾರಣ ಎಚ್ಚರವಾಗಿ ಎದ್ದು ಕುಳಿತವನನ್ನೂ ಆಸ್ಪತ್ರೆಗೆ ಒಯ್ಯತಕ್ಕದ್ದು. ಗರ್ಭಿಣಿಯಾದರೆ ಸ್ವಲ್ಪ ತಲೆನೋವೆಂದರೂ ತಡಮಾಡಬಾರದು, ಹೊಟ್ಟೆಯೊಳಗಿನ ಶಿಶುವಿಗೆ ತಾಯಿಗಿಂತ ಹೆಚ್ಚು ಅಪಾಯವಿದೆ.

ಗುಣವಾಗಿ ಮನೆಗೆ ಬಂದವರಲ್ಲಿಯೂ ಕೆಲವರಿಗೆ ಕೆಲವು ದಿನಗಳಿಂದ ಹಿಡಿದು ಕೆಲವು ವಾರಗಳೊಳಗೆ ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದುಂಟು. ಅಂಥವನನ್ನು ಈ ಅವಧಿಯಲ್ಲಿ ಅಡಿಕೆ ಮರ ಹತ್ತುವ ಕೆಲಸಕ್ಕೂ ಯಂತ್ರದ ಕೆಲಸಕ್ಕೂ ಕರೆಯದೆ, ಇಂಥ ಲಕ್ಷಣ ಕಂಡೊಡನೆ ಪುನಃ ವೈದ್ಯರ ಬಳಿಗೆ ಕಳುಹಿಸಬೇಕು.